ಟೈಟಾನಿಕ್: ಪಕ್ಕೆ ಸವರುವ ಬದಲು ಮೂತಿ ಗುದ್ದಿದ್ದರೆ?

1912ರ ಏಪ್ರಿಲ್ 14, ಭಾನುವಾರ. ರಾತ್ರಿ 11 ಗಂಟೆ 40 ನಿಮಿಷ. ಉತ್ತರ ಅಟ್ಲಾಂಟಿಕ್ ಸಾಗರ ಕೆರೆಯ ನೀರಿನಂತೆ ಅಲುಗಾಡದೆ ಮಲಗಿತ್ತು. ಚಂದ್ರನಿರಲಿಲ್ಲ. ಕೊರೆಯುವ ಚಳಿ. ಹಡಗಿನ ಎತ್ತರದ ಕಂಬದ ಮೇಲಿನ ಕಾವಲುಗೂಡಿನಲ್ಲಿ ನಿಂತಿದ್ದ ಫ್ರೆಡ್ರಿಕ್ ಫ್ಲೀಟ್ ಎಂಬ ಯುವಕ ಇದ್ದಕ್ಕಿದ್ದಂತೆ ಮೂರು ಬಾರಿ ಗಂಟೆ ಬಾರಿಸಿದ. ಟೆಲಿಫೋನ್ ಎತ್ತಿ, ನೇರ ಎದುರಿಗೆ ಹಿಮಬಂಡೆ ಇದೆಯೆಂದು ಕೆಳಗಿನವರಿಗೆ ತಿಳಿಸಿದ.

ಆ ಹೊತ್ತಿಗೆ ಹಡಗು ನಡೆಸುವ ಹೊಣೆ ಇದ್ದದ್ದು ಫಸ್ಟ್ ಆಫೀಸರ್ ವಿಲಿಯಂ ಮರ್ಡಾಕ್ ಮೇಲೆ. ಆತ ತಕ್ಷಣ ಚುಕ್ಕಾಣಿ ತಿರುಗಿಸಲು ಆಜ್ಞೆ ಕೊಟ್ಟ. ಹಡಗಿನ ಮೂತಿ ನಿಧಾನವಾಗಿ ಎಡಕ್ಕೆ ಹೊರಳಿತು. ಎದುರಿಗಿದ್ದ ಹಿಮಬಂಡೆ ತಪ್ಪಿಯೇ ಹೋಯಿತು ಎನ್ನುವಷ್ಟರಲ್ಲಿ ಬಲಪಕ್ಕೆಯನ್ನು ಸವರಿಕೊಂಡು ಹಿಂದೆ ಸರಿಯಿತು. ಹಿಮಬಂಡೆ ಕಂಡ ಕ್ಷಣದಿಂದ ತಾಗಿದ ಕ್ಷಣದವರೆಗೆ ಕಳೆದದ್ದು 37 ಸೆಕೆಂಡು ಎಂದು ಆಮೇಲೆ ಲೆಕ್ಕ ಹಾಕಿದರು. ಇನ್ನೂ ಸ್ವಲ್ಪ ಹೆಚ್ಚು ಸಮಯವಿತ್ತು ಎನ್ನುವವರೂ ಇದ್ದಾರೆ. ಹೆಚ್ಚೆಂದರೆ ಒಂದು ನಿಮಿಷ ಅನ್ನಿ.

ಎರಡು ಗಂಟೆ ನಲವತ್ತು ನಿಮಿಷಗಳ ಬಳಿಕ, 15ನೇ ತಾರೀಖಿನ ನಸುಕಿನ 2 ಗಂಟೆ 20 ನಿಮಿಷಕ್ಕೆ ಟೈಟಾನಿಕ್ ನೀರಿನಡಿ ಸೇರಿತು. ಹಡಗಿನಲ್ಲಿದ್ದ ಸುಮಾರು 2,200 ಜನರಲ್ಲಿ ಸುಮಾರು 1,500 ಮಂದಿ ಸತ್ತರು.

ಈ ಕಥೆ ಕೇಳಿದ ಯಾವ ಮಗುವಾದರೂ ಕೇಳುವ ಪ್ರಶ್ನೆ ಒಂದಿದೆ: ಮರ್ಡಾಕ್ ಏನೂ ಮಾಡದೆ ಸುಮ್ಮನೆ ನಿಂತಿದ್ದರೆ? ಹಡಗನ್ನು ತಿರುಗಿಸದೆ ನೇರವಾಗಿ ಹಿಮಬಂಡೆಗೆ ಗುದ್ದಿಸಿಬಿಟ್ಟಿದ್ದರೆ? ತಮಾಷೆಯೆಂದರೆ ಇದು ಮಕ್ಕಳ ಪ್ರಶ್ನೆ ಮಾತ್ರವಲ್ಲ. ಆ ಹಡಗನ್ನು ಕಟ್ಟಿದ ಎಂಜಿನಿಯರರನ್ನೂ 1912ರ ಬ್ರಿಟಿಷ್ ವಿಚಾರಣಾ ಆಯೋಗದಲ್ಲಿ ಇದೇ ಪ್ರಶ್ನೆ ಕೇಳಲಾಯಿತು. ಅವರು ಕೊಟ್ಟ ಉತ್ತರ ಇಂದಿಗೂ ಓದುವವರನ್ನು ಬೆಚ್ಚಿಬೀಳಿಸುತ್ತದೆ.

ಮೃದುವಾದ ಸ್ಪರ್ಶ

ನಿಜವಾಗಿ ನಡೆದದ್ದೇನೆಂದು ಮೊದಲು ನೋಡೋಣ. ಹಿಮಬಂಡೆ ತಾಗಿದಾಗ ಹಡಗಿನಲ್ಲಿದ್ದ ಬಹಳಷ್ಟು ಮಂದಿಗೆ ಅದು ಅನುಭವಕ್ಕೇ ಬರಲಿಲ್ಲ. ಕೆಲವರಿಗೆ ಸಣ್ಣ ನಡುಕ ಬಂದಂತಾಯಿತು. ಮುಂಭಾಗದ ತೆರೆದ ಅಂಗಳದಲ್ಲಿ ಮಂಜಿನ ಚೂರುಗಳು ಬಿದ್ದಿದ್ದವು. ಪ್ರಯಾಣಿಕರಲ್ಲಿ ಕೆಲವರು ಅವನ್ನು ಹೆಕ್ಕಿ ಆಟವಾಡಿದರು! ಸಾವು ಇಷ್ಟು ಮೆಲ್ಲಗೆ ಬಾಗಿಲು ತಟ್ಟಿದ್ದು ಅಪರೂಪ.

ಟೈಟಾನಿಕ್ 269 ಮೀಟರ್ ಉದ್ದದ ಹಡಗು. ಅದರ ಒಡಲನ್ನು 15 ಅಡ್ಡಗೋಡೆಗಳಿಂದ 16 ಕೋಣೆಗಳಾಗಿ ವಿಂಗಡಿಸಲಾಗಿತ್ತು. ಒಂದು ಕೋಣೆಗೆ ನೀರು ನುಗ್ಗಿದರೆ ಅದು ಅಲ್ಲಿಯೇ ನಿಲ್ಲಬೇಕು, ಪಕ್ಕದ ಕೋಣೆಗೆ ಹೋಗಬಾರದು ಎಂಬುದು ಇದರ ಉದ್ದೇಶ. ಅಕ್ಕಪಕ್ಕದ ಯಾವ ಎರಡು ಕೋಣೆಗಳು ತುಂಬಿದರೂ ಹಡಗು ತೇಲುತ್ತಿತ್ತು. ಮೂತಿಯ ಕಡೆಯ ಮೊದಲ ನಾಲ್ಕು ಕೋಣೆಗಳು ಒಟ್ಟಿಗೆ ತುಂಬಿದರೂ ತೇಲುತ್ತಿತ್ತು. ಆದರೆ ಹಿಮಬಂಡೆ ಸವರಿಕೊಂಡು ಹೋದದ್ದು ಸುಮಾರು 300 ಅಡಿ ಉದ್ದಕ್ಕೆ. ಮೊದಲ ಐದು ಕೋಣೆಗಳು ಪೂರ್ತಿ ಬಾಯಿ ತೆರೆದುಕೊಂಡವು. ಆರನೆಯದಕ್ಕೂ ತುಸು ಪೆಟ್ಟಾಯಿತು.

ಹಾಗಾದರೆ ಆ ಗಾಯ ಎಷ್ಟು ದೊಡ್ಡದು? ಪಕ್ಕೆಯನ್ನು ಉದ್ದಕ್ಕೂ ಕತ್ತಿಯಿಂದ ಸೀಳಿದಂತೆ ಸೀಳಿಹೋಗಿತ್ತೆಂದು ಬಹಳ ವರ್ಷ ಜನ ನಂಬಿದ್ದರು. ಆದರೆ ಹಡಗು ಕಟ್ಟಿದ ಬೆಲ್‌ಫಾಸ್ಟ್‌ನ ಹಾರ್ಲ್ಯಾಂಡ್ ಅಂಡ್ ವುಲ್ಫ್ ಕಂಪೆನಿಯ ವಿನ್ಯಾಸಕಾರ ಎಡ್ವರ್ಡ್ ವೈಲ್ಡಿಂಗ್, ನೀರು ತುಂಬಿದ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿ, ಎಲ್ಲ ಬಿರುಕುಗಳನ್ನು ಕೂಡಿಸಿದರೂ ಒಟ್ಟು ವಿಸ್ತೀರ್ಣ ಕೇವಲ 12 ಚದರ ಅಡಿ ಎಂದು 1912ರಲ್ಲೇ ಹೇಳಿದ್ದ. ಅಂದರೆ ನಮ್ಮ ಮನೆಯ ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಒಂದು ಕಿಟಕಿಯಷ್ಟು! ಆತನ ಮಾತು ನಿಜವೆಂದು ತೋರಲು 84 ವರ್ಷ ಬೇಕಾಯಿತು. 1985ರಲ್ಲಿ ಹಡಗಿನ ಅವಶೇಷ ಸುಮಾರು 3,800 ಮೀಟರ್ ಆಳದಲ್ಲಿ ಪತ್ತೆಯಾಯಿತು. 1996ರಲ್ಲಿ ಧ್ವನಿತರಂಗಗಳ ನೆರವಿನಿಂದ ಕೆಸರಿನಲ್ಲಿ ಹುದುಗಿದ್ದ ಅದರ ಮೂತಿಯನ್ನು ಪರೀಕ್ಷಿಸಿದಾಗ ಕಂಡದ್ದು ಆರು ತೆಳುವಾದ ಬಿರುಕುಗಳು. ಅವುಗಳ ಒಟ್ಟು ವಿಸ್ತೀರ್ಣ ಹೆಚ್ಚುಕಡಿಮೆ ವೈಲ್ಡಿಂಗ್ ಹೇಳಿದಷ್ಟೇ.

ಒಂದು ಕಿಟಕಿಯಷ್ಟು ಜಾಗ. ಆದರೆ ಅದು ನೀರಿನ ಮಟ್ಟಕ್ಕಿಂತ ಬಹಳ ಕೆಳಗಿತ್ತು, ಒತ್ತಡ ಹೆಚ್ಚು. ಸೆಕೆಂಡಿಗೆ ಸುಮಾರು ಏಳು ಟನ್ ನೀರು ಒಳನುಗ್ಗಿತು. ಬೇಸಿಗೆಯಲ್ಲಿ ಬಡಾವಣೆಗಳಿಗೆ ನೀರು ತರುವ ಟ್ಯಾಂಕರ್‌ಗಳನ್ನು ನೀವು ನೋಡಿರಬಹುದು. ಪ್ರತಿ ಸೆಕೆಂಡಿಗೆ ಅಂಥ ಒಂದು ಟ್ಯಾಂಕರ್ ನೀರನ್ನು ತಂದು ಸುರಿದಂತೆ!

ಗದ್ದೆಯ ಬದುವಿನ ಪಾಠ

ಇಷ್ಟಾದರೂ ಅಡ್ಡಗೋಡೆಗಳಿದ್ದವಲ್ಲ, ಐದು ಕೋಣೆ ತುಂಬಿದರೆ ಉಳಿದ ಹನ್ನೊಂದು ಖಾಲಿ ಇರಬೇಕಲ್ಲ ಎಂದು ನೀವು ಕೇಳಬಹುದು. ಮಲೆನಾಡಿನ ಕಡೆ ಮೆಟ್ಟಿಲು ಮೆಟ್ಟಿಲಾಗಿರುವ ಗದ್ದೆಗಳನ್ನು ನೆನಪಿಸಿಕೊಳ್ಳಿ. ಮೇಲಿನ ಗದ್ದೆ ತುಂಬಿದರೆ ನೀರು ಬದುವಿನ ಮೇಲಿಂದ ಹರಿದು ಕೆಳಗಿನ ಗದ್ದೆಗೆ ಇಳಿಯುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಟೈಟಾನಿಕ್ಕಿನ ಅಡ್ಡಗೋಡೆಗಳು ಮೇಲಿನ ಮಾಳಿಗೆಯವರೆಗೂ ಹೋಗಿರಲಿಲ್ಲ. ನೀರಿನ ಮಟ್ಟಕ್ಕಿಂತ ಕೆಲವು ಮೀಟರ್ ಮೇಲಕ್ಕೆ ನಿಂತಿದ್ದವು. ಅವುಗಳಿಗೆ ಮುಚ್ಚಳವೂ ಇರಲಿಲ್ಲ. ಐದು ಕೋಣೆಗಳ ಭಾರಕ್ಕೆ ಮೂತಿ ತಗ್ಗಿತು. ಮೂತಿ ತಗ್ಗಿದಂತೆ ನೀರು ಐದನೇ ಗೋಡೆಯ ತಲೆಯ ಮೇಲಿಂದ ಹರಿದು ಆರನೇ ಕೋಣೆಗೆ, ಅಲ್ಲಿಂದ ಏಳನೆಯದಕ್ಕೆ ಇಳಿಯತೊಡಗಿತು. ಈ ಲೆಕ್ಕ ಗೊತ್ತಿದ್ದ ವಿನ್ಯಾಸಕಾರ ಥಾಮಸ್ ಆಂಡ್ರ್ಯೂಸ್ ಅದೇ ಹಡಗಿನಲ್ಲಿದ್ದ. ಕೆಳಗಿಳಿದು ಎಲ್ಲವನ್ನೂ ನೋಡಿ ಬಂದ ಆತ, ಇನ್ನು ಒಂದು, ಹೆಚ್ಚೆಂದರೆ ಒಂದೂವರೆ ಗಂಟೆ ಎಂದು ಕಪ್ತಾನ ಎಡ್ವರ್ಡ್ ಸ್ಮಿತ್‌ಗೆ ತಿಳಿಸಿದ. ಅವರಿಬ್ಬರೂ ಬದುಕಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹಡಗನ್ನು ಮುಳುಗಿಸಿದ್ದು ಪೆಟ್ಟಿನ ಜೋರಲ್ಲ. ಪೆಟ್ಟು ಹರಡಿದ ಉದ್ದ. ನಾಲ್ಕಕ್ಕೆ ನಿಂತಿದ್ದರೆ ಹಡಗು ಉಳಿಯುತ್ತಿತ್ತು. ಐದಕ್ಕೆ ಹೋದದ್ದರಿಂದ ಮುಳುಗಿತು.

ನೇರವಾಗಿ ಗುದ್ದಿದ್ದರೆ

ಈಗ ಎರಡನೆಯ ಚಿತ್ರಕ್ಕೆ ಬರೋಣ. ಮರ್ಡಾಕ್ ಚುಕ್ಕಾಣಿ ತಿರುಗಿಸಲಿಲ್ಲ ಎಂದುಕೊಳ್ಳಿ. ಹಡಗು ಮೂತಿಯಿಂದಲೇ ಹಿಮಬಂಡೆಗೆ ಗುದ್ದುತ್ತದೆ. ಆಗ ಏನಾಗುತ್ತಿತ್ತು ಎಂದು ಆಯೋಗ ಕೇಳಿದಾಗ ವೈಲ್ಡಿಂಗ್ ಹೇಳಿದ್ದರ ಸಾರಾಂಶ ಇಷ್ಟು: ಮೂತಿಯ 80 ಅಡಿ, ಬಹುಶಃ 100 ಅಡಿ ನಜ್ಜುಗುಜ್ಜಾಗುತ್ತಿತ್ತು. ಆ ಭಾಗದಲ್ಲಿ ಮಲಗಿದ್ದ ಬಾಯ್ಲರ್ ಕೆಲಸಗಾರರು ಸಾಯುತ್ತಿದ್ದರು. ಆದರೆ ಹಡಗು ಬಂದರು ಸೇರುತ್ತಿತ್ತು.

ಹೈಸ್ಕೂಲು, ಪಿ.ಯು.ಸಿ. ವಿದ್ಯಾರ್ಥಿಗಳು ಈ ಮಾತನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಟೈಟಾನಿಕ್ಕಿನ ತೂಕ ಸುಮಾರು 52,000 ಟನ್. ವೇಗ 22 ನಾಟ್‌ಗಿಂತ ತುಸು ಹೆಚ್ಚು. ಅಂದರೆ ಗಂಟೆಗೆ ಸುಮಾರು 41 ಕಿಲೋಮೀಟರ್, ಸೆಕೆಂಡಿಗೆ ಸುಮಾರು 11.5 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ಸಿಗುತ್ತದೆ. ಉತ್ತರ ಸುಮಾರು 340 ಕೋಟಿ ಜೌಲ್. ಮನೆಯ ವಿದ್ಯುತ್ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಸುಮಾರು 950 ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಸಾಲುವ ಶಕ್ತಿ. ಅಷ್ಟೂ ಕೆಲವೇ ಸೆಕೆಂಡುಗಳಲ್ಲಿ ಖರ್ಚಾಗಬೇಕು. ಎಲ್ಲಿ? ಮೂತಿಯ ಉಕ್ಕನ್ನು ಮುದ್ದೆ ಮಾಡುವುದರಲ್ಲಿ ಮತ್ತು ಮಂಜುಗಡ್ಡೆಯನ್ನು ಪುಡಿ ಮಾಡುವುದರಲ್ಲಿ.

ಇಲ್ಲಿಯೇ ಇರುವುದು ಸ್ವಾರಸ್ಯ. ಹಿಮಬಂಡೆ ಕದಲದ ಗೋಡೆಯಂತೆ ನಿಂತಿತು, ಹಡಗು ತನ್ನ ಮೂತಿಯ 30 ಮೀಟರ್, ಅಂದರೆ ಸುಮಾರು 100 ಅಡಿ, ಕುಗ್ಗುತ್ತಾ ನಿಂತಿತು ಎಂದುಕೊಳ್ಳಿ. ಒಂದೇ ಸಮನಾಗಿ ವೇಗ ತಗ್ಗಿತೆಂದರೆ ನಿಲ್ಲಲು ಐದು ಸೆಕೆಂಡು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಬಸ್ಸು ಬ್ರೇಕ್ ಹಾಕಿ 60 ಮೀಟರ್ ದೂರದಲ್ಲಿ ನಿಂತರೆ ಒಳಗಿದ್ದವರಿಗೆ ಎಷ್ಟು ಜಗ್ಗಿದಂತಾಗುತ್ತದೋ, ಹಡಗಿನ ನಡುಭಾಗ ಮತ್ತು ಹಿಂಭಾಗದಲ್ಲಿದ್ದವರಿಗೂ ಅಷ್ಟೇ ಆಗುತ್ತಿತ್ತು. ನಿಂತವರು ಮುಗ್ಗರಿಸುತ್ತಿದ್ದರು. ತಟ್ಟೆ ಲೋಟಗಳು ಉರುಳುತ್ತಿದ್ದವು. ಮಂಚದ ಮೇಲೆ ಮಲಗಿದ್ದವರು ಎದ್ದು ಕೂರುತ್ತಿದ್ದರು. ಅಷ್ಟೇ! ಅದೇ ಹಡಗು ಕುಗ್ಗದೆ ಒಂದೇ ಮೀಟರಿನಲ್ಲಿ ನಿಂತಿದ್ದರೆ ಜಗ್ಗಾಟ ಮೂವತ್ತು ಪಟ್ಟು ಹೆಚ್ಚುತ್ತಿತ್ತು. ಒಳಗಿದ್ದವರ ಮೈಮೂಳೆ ಮುರಿಯುತ್ತಿತ್ತು. ಇಂದಿನ ಕಾರುಗಳ ಮುಂಭಾಗವನ್ನು ಡಿಕ್ಕಿಯಾದಾಗ ಸುಲಭವಾಗಿ ಕುಗ್ಗುವಂತೆ ಮಾಡಿರುವುದು ಇದೇ ಕಾರಣಕ್ಕೆ. ಮುಂಭಾಗ ತಾನು ಹಾಳಾಗಿ ಒಳಗಿನವರನ್ನು ಕಾಯುತ್ತದೆ.

ನೂರು ಅಡಿ ಮೂತಿ ಹೋದರೆ ಎರಡು ಅಥವಾ ಮೂರು ಕೋಣೆಗಳು ನಷ್ಟ. ನಾಲ್ಕರವರೆಗೆ ಹಡಗಿಗೆ ತಾಳಿಕೆಯಿತ್ತು. ಲೆಕ್ಕ ಹೀಗೆ ಹೇಳುತ್ತದೆ.

ಸಮುದ್ರವೇ ಕೊಟ್ಟ ಸಾಕ್ಷಿ

ಕಾಗದದ ಲೆಕ್ಕ ಬಿಡಿ, ನಿಜವಾಗಿ ಹೀಗೆ ಗುದ್ದಿ ಉಳಿದ ಹಡಗು ಇದೆಯೇ? ಇದೆ. ಟೈಟಾನಿಕ್‌ಗಿಂತ 33 ವರ್ಷ ಮೊದಲು, 1879ರ ನವೆಂಬರ್ 7ರ ರಾತ್ರಿ, ಅರಿಜೋನಾ ಎಂಬ ಪ್ರಯಾಣಿಕರ ಹಡಗು ನ್ಯೂಯಾರ್ಕ್‌ನಿಂದ ಲಿವರ್‌ಪೂಲ್‌ಗೆ ಹೊರಟಿತ್ತು. ಅದು ಅಂದಿನ ಅತ್ಯಂತ ವೇಗದ ಹಡಗುಗಳಲ್ಲಿ ಒಂದು. ನ್ಯೂಫೌಂಡ್‌ಲ್ಯಾಂಡ್ ಬಳಿ ಅದು ಪೂರ್ತಿ ವೇಗದಲ್ಲಿ ಹಿಮಬಂಡೆಗೆ ನೇರವಾಗಿ ಗುದ್ದಿತು. ಮೂತಿ ಅಪ್ಪಚ್ಚಿಯಾಯಿತು. ಆದರೆ ಅದರ ಹಿಂದಿನ ಅಡ್ಡಗೋಡೆ ಗಟ್ಟಿಯಾಗಿ ನಿಂತಿತು. ಒಡೆದ ಮೂತಿಯೊಂದಿಗೆ ಹಡಗು ಸೇಂಟ್ ಜಾನ್ಸ್ ಬಂದರು ತಲುಪಿತು. ಒಬ್ಬರೂ ಸಾಯಲಿಲ್ಲ.

ಇನ್ನೊಂದು ಉದಾಹರಣೆ 1956ರ ಜುಲೈ 25ರದ್ದು. ಅಮೆರಿಕದ ನಾಂಟಕೆಟ್ ದ್ವೀಪದ ಬಳಿ ಮಂಜು ಮುಸುಕಿದ ರಾತ್ರಿ ಸ್ವೀಡನ್ನಿನ ಸ್ಟಾಕ್‌ಹೋಮ್ ಎಂಬ ಹಡಗು ಇಟಲಿಯ ಆಂಡ್ರಿಯಾ ಡೋರಿಯಾದ ಪಕ್ಕೆಗೆ ಗುದ್ದಿತು. ಪಕ್ಕೆಗೆ ಪೆಟ್ಟು ತಿಂದ ಆಂಡ್ರಿಯಾ ಡೋರಿಯಾ ಒಂದು ಕಡೆಗೆ ವಾಲಿ, ಹನ್ನೊಂದು ಗಂಟೆಗಳ ಬಳಿಕ ಮುಳುಗಿತು. ಮೂತಿಗೆ ಪೆಟ್ಟು ತಿಂದ ಸ್ಟಾಕ್‌ಹೋಮ್ ಮುಳುಗಲಿಲ್ಲ. ಬದಲಿಗೆ ಆಂಡ್ರಿಯಾ ಡೋರಿಯಾದ ನೂರಾರು ಪ್ರಯಾಣಿಕರನ್ನು ತನ್ನ ಮೇಲೆ ಹತ್ತಿಸಿಕೊಂಡು ನ್ಯೂಯಾರ್ಕ್‌ಗೆ ಮರಳಿತು! ಆದರೆ ಸ್ಟಾಕ್‌ಹೋಮಿನ ಮೂತಿಯಲ್ಲಿದ್ದ ಐವರು ನೌಕರರು ಸತ್ತರು. ನೇರ ಡಿಕ್ಕಿಗೆ ತೆರಬೇಕಾದ ಬೆಲೆ ಇದು. ಮೂತಿಯಲ್ಲಿ ಮಲಗಿದ್ದವರು ಅದನ್ನು ತೆರುತ್ತಾರೆ.

ಲೆಕ್ಕ ಹೇಳದ ಮಾತುಗಳು

ಹಾಗೆಂದು ವೈಲ್ಡಿಂಗ್ ಹೇಳಿದ್ದೇ ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಆತ ಹಡಗು ಕಟ್ಟಿದ ಕಂಪೆನಿಯವನು. ತನ್ನ ಹಡಗು ಗಟ್ಟಿಮುಟ್ಟಾಗಿತ್ತೆಂದು ಹೇಳುವ ಆಸೆ ಸಹಜ. ಅರಿಜೋನಾ ಟೈಟಾನಿಕ್‌ಗಿಂತ ಎಷ್ಟೋ ಚಿಕ್ಕ ಹಡಗು, ವೇಗವೂ ಕಡಿಮೆ. ಹಿಮಬಂಡೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನ ಕೆಳಗಿರುತ್ತದೆ. ಮೇಲೆ ಕಾಣುವ ಆಕಾರ ನೋಡಿ ಕೆಳಗಿನದನ್ನು ಹೇಳಲಾಗದು. ಕೆಳಗೆ ಚಾಚಿಕೊಂಡ ಮಂಜಿನ ನಾಲಗೆಯ ಮೇಲೆ ಹಡಗು ಹತ್ತಿದ್ದರೆ ತಳವೇ ಸೀಳಿಹೋಗಬಹುದಿತ್ತು.

ಇನ್ನೊಂದು ಸಂಗತಿ ರಿವೆಟ್‌ಗಳದು. ಆ ಕಾಲದಲ್ಲಿ ಹಡಗಿನ ಉಕ್ಕಿನ ಹಾಳೆಗಳನ್ನು ಬೆಸುಗೆ ಹಾಕುತ್ತಿರಲಿಲ್ಲ, ರಿವೆಟ್ ಹೊಡೆದು ಜೋಡಿಸುತ್ತಿದ್ದರು. ಅವಶೇಷದಿಂದ ತಂದ ರಿವೆಟ್‌ಗಳನ್ನು ಅಮೆರಿಕದ ಲೋಹತಜ್ಞರು 1990ರ ದಶಕದಲ್ಲಿ ಪರೀಕ್ಷಿಸಿದಾಗ, ಕೆಲವು ಕಬ್ಬಿಣದ ರಿವೆಟ್‌ಗಳಲ್ಲಿ ಕಿಟ್ಟದ ಅಂಶ ಹೆಚ್ಚಿದ್ದು ಅವು ದುರ್ಬಲವಾಗಿದ್ದವೆಂದು ಕಂಡಿತು. ನೇರ ಗುದ್ದಿನ ಅದುರು ಹಡಗಿನ ಉದ್ದಕ್ಕೂ ಹಾಯ್ದು ಹಿಂದಿನ ಕೋಣೆಗಳ ರಿವೆಟ್‌ಗಳನ್ನೂ ಸಡಿಲಿಸಿದ್ದರೆ? ಅಡ್ಡಗೋಡೆಗಳ ಬಾಗಿಲುಗಳು ಚೌಕಟ್ಟಿನಲ್ಲಿ ಸಿಕ್ಕಿಕೊಂಡು ಮುಚ್ಚದೆ ಹೋಗಿದ್ದರೆ? ಇವಕ್ಕೆ ಖಚಿತ ಉತ್ತರ ಕೊಡಬೇಕಾದರೆ ಇನ್ನೊಂದು ಟೈಟಾನಿಕ್ ಕಟ್ಟಿ ಗುದ್ದಿಸಿ ನೋಡಬೇಕು! ಆದರೂ ಒಟ್ಟಾರೆ ತೂಗಿ ನೋಡಿದರೆ, ನೇರ ಡಿಕ್ಕಿಯಲ್ಲಿ ಹಡಗು ಉಳಿಯುವ ಅಥವಾ ಕನಿಷ್ಠಪಕ್ಷ ಬಹಳ ಹೊತ್ತು ತೇಲುವ ಸಂಭವವೇ ಹೆಚ್ಚಿತ್ತು ಎನ್ನಬಹುದು. ಬಹಳ ಹೊತ್ತು ತೇಲಿದ್ದರೂ ಸಾಕಿತ್ತು. ಏಕೆಂದರೆ ರಕ್ಷಣೆಗೆ ಧಾವಿಸಿದ ಕಾರ್ಪೇಥಿಯಾ ಹಡಗು ಅಲ್ಲಿಗೆ ಬಂದದ್ದು ಬೆಳಗಿನ ಜಾವ ನಾಲ್ಕು ಗಂಟೆಗೆ. ಟೈಟಾನಿಕ್ ಮುಳುಗಿ ಆಗ ಎರಡು ಗಂಟೆಯೂ ಕಳೆದಿರಲಿಲ್ಲ.

ಮರ್ಡಾಕ್ ತಪ್ಪು ಮಾಡಿದನೇ?

ಹಾಗಾದರೆ 1,500 ಜನರ ಸಾವಿಗೆ ಮರ್ಡಾಕ್ ಹೊಣೆಯೇ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆತನಿಗೆ ಸಿಕ್ಕಿದ್ದು ಅರ್ಧ ನಿಮಿಷ, ಮುಕ್ಕಾಲು ನಿಮಿಷ. ಎದುರಿಗೆ ಕತ್ತಲು. ತಿರುಗಿಸಿದರೆ ತಪ್ಪಿಸಿಕೊಳ್ಳಬಹುದು ಎಂಬ ಆಸೆಗೆ ಕಾರಣವಿತ್ತು. ನಿಜಕ್ಕೂ ಹಡಗು ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವುದರಲ್ಲಿತ್ತು. ತನ್ನ ಜೊತೆಗಾರರು ಮಲಗಿರುವ ಕೋಣೆಗಳನ್ನು ಬೇಕೆಂದೇ ಹಿಮಬಂಡೆಗೆ ಗುದ್ದಿಸು ಎಂದು ಯಾವ ನಾವಿಕನಿಗೂ ಯಾರೂ ಕಲಿಸಿರಲಿಲ್ಲ.

ಒಂದು ವೇಳೆ ಆತ ಹಾಗೆಯೇ ಮಾಡಿದ್ದ ಎಂದುಕೊಳ್ಳೋಣ. ಹಡಗು ಉಳಿಯುತ್ತದೆ, ಹತ್ತಾರು ಕೆಲಸಗಾರರು ಸಾಯುತ್ತಾರೆ. ಆಗ ವಿಚಾರಣೆಯಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವುದು? ಎದುರಿಗೆ ಹಿಮಬಂಡೆ ಕಂಡರೂ ಏಕೆ ತಿರುಗಿಸಲಿಲ್ಲ? ತಿರುಗಿಸಿದ್ದರೆ 1,500 ಜನ ಸಾಯುತ್ತಿದ್ದರು ಎಂದು ಆತ ಹೇಳಲು ಸಾಧ್ಯವಿತ್ತೇ? ಹೇಳಿದ್ದರೂ ನಂಬುವವರಿದ್ದರೇ? ನಡೆಯದೆ ಹೋದ ದುರಂತಕ್ಕೆ ಸಾಕ್ಷಿ ಇರುವುದಿಲ್ಲ. ಸಾವಿರಾರು ಜೀವ ಉಳಿಸಿದವನು ಅಪರಾಧಿಯಾಗಿ ಮನೆಗೆ ಹೋಗುತ್ತಿದ್ದ.

ಮರ್ಡಾಕ್ ಆ ರಾತ್ರಿ ಬದುಕಲಿಲ್ಲ. 1997ರ ಪ್ರಸಿದ್ಧ ಟೈಟಾನಿಕ್ ಸಿನಿಮಾದಲ್ಲಿ ಆತ ಲಂಚ ಪಡೆದಂತೆ, ಪ್ರಯಾಣಿಕರಿಗೆ ಗುಂಡು ಹಾರಿಸಿ ತಾನೂ ಗುಂಡು ಹಾರಿಸಿಕೊಂಡಂತೆ ತೋರಿಸಿದ್ದರು. ಸ್ಕಾಟ್ಲೆಂಡಿನ ಡಾಲ್‌ಬೀಟಿ ಎಂಬ ಪಟ್ಟಣ ಆತನ ಹುಟ್ಟೂರು. ಅಲ್ಲಿನ ಜನ ಇದನ್ನು ಒಪ್ಪಲಿಲ್ಲ, ಪ್ರತಿಭಟಿಸಿದರು. 1998ರಲ್ಲಿ ಚಿತ್ರಸಂಸ್ಥೆಯ ಪ್ರತಿನಿಧಿ ಆ ಊರಿಗೆ ಬಂದು ಕ್ಷಮೆ ಕೇಳಿದ. ಅಲ್ಲಿನ ಹೈಸ್ಕೂಲಿನಲ್ಲಿ ಮರ್ಡಾಕ್ ಹೆಸರಿನ ಬಹುಮಾನಕ್ಕೆಂದು 5,000 ಪೌಂಡ್ ಕೊಟ್ಟ. ತಮ್ಮ ಊರಿನವನ ಬಗ್ಗೆ ಆ ಜನ ಕೇಳಿದ್ದು ಹೊಗಳಿಕೆಯನ್ನಲ್ಲ, ನ್ಯಾಯವನ್ನು.

ಮಕ್ಕಳನ್ನು ಬೆಳೆಸುವವರಿಗೂ ಇಲ್ಲಿ ಒಂದು ಮಾತಿದೆ. ಒಂದು ನಿರ್ಧಾರ ಸರಿಯೋ ತಪ್ಪೋ ಎಂದು ಅದರ ಫಲಿತಾಂಶ ನೋಡಿ ಹೇಳುವುದು ಸುಲಭ. ಆ ಗಳಿಗೆಯಲ್ಲಿ ಅವನ ಕೈಯಲ್ಲಿ ಎಷ್ಟು ಮಾಹಿತಿ ಇತ್ತು, ಎಷ್ಟು ಸಮಯ ಇತ್ತು ಎಂದು ನೋಡಿ ತೂಗುವುದು ಕಷ್ಟ. ಆದರೆ ನ್ಯಾಯವಾದ ದಾರಿ ಅದೇ.

ಬೇರೆ ಡಿಕ್ಕಿಗಳು, ಬೇರೆ ಹಣೆಬರಹ

ನೇರ ಗುದ್ದು ಒಂದೇ ಅಲ್ಲ, ಆ ರಾತ್ರಿಯ ಕಥೆ ಬದಲಾಗಬಹುದಾಗಿದ್ದ ದಾರಿಗಳು ಹಲವು. ಹಡಗು ಸೆಕೆಂಡಿಗೆ ಸುಮಾರು 38 ಅಡಿ ಓಡುತ್ತಿತ್ತು. ಐದನೇ ಕೋಣೆಯ ಉದ್ದ ಐವತ್ತು ಅಡಿಗಿಂತ ತುಸು ಹೆಚ್ಚು. ಅಂದರೆ ಹಿಮಬಂಡೆಯ ಸವರಿಕೆ ಎರಡು ಸೆಕೆಂಡು ಮೊದಲೇ ಮುಗಿದಿದ್ದರೂ ಹಾನಿ ನಾಲ್ಕು ಕೋಣೆಗೆ ನಿಲ್ಲುವ ಸಾಧ್ಯತೆಯಿತ್ತು. ಎರಡು ಸೆಕೆಂಡು! ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು.

ವೇಗ ಅರ್ಧಕ್ಕೆ ಇಳಿದಿದ್ದರೆ? ಚಲನಶಕ್ತಿ ವೇಗದ ವರ್ಗದಂತೆ ಬದಲಾಗುವುದರಿಂದ ಅದು ಅರ್ಧವಲ್ಲ, ಕಾಲು ಪಾಲಿಗೆ ಇಳಿಯುತ್ತಿತ್ತು. ಹಿಮಬಂಡೆ ಕಂಡಮೇಲೆ ಸಿಗುವ ಸಮಯ ಎರಡು ಪಟ್ಟಾಗುತ್ತಿತ್ತು. ಇದು ಊಹೆಯ ಮಾತಲ್ಲ. ಅದೇ ರಾತ್ರಿ, ಅದೇ ಕಡಲಿನಲ್ಲಿ, ಕ್ಯಾಲಿಫೋರ್ನಿಯನ್ ಎಂಬ ಹಡಗಿನ ಕಪ್ತಾನ ಸುತ್ತಲೂ ಮಂಜುಗಡ್ಡೆ ಕಂಡು ಸುಮಾರು ಹತ್ತೂಕಾಲು ಗಂಟೆಗೇ ಹಡಗು ನಿಲ್ಲಿಸಿ, ಬೆಳಗಾಗಲೆಂದು ಕಾದ. ಅದರ ನಿಸ್ತಂತು ನಿರ್ವಾಹಕ ಈ ವಿಷಯವನ್ನು ಟೈಟಾನಿಕ್‌ಗೆ ತಿಳಿಸಲು ಹೋದ. ಪ್ರಯಾಣಿಕರ ಖಾಸಗಿ ತಂತಿ ಸಂದೇಶಗಳನ್ನು ಕಳುಹಿಸುವ ಗಡಿಬಿಡಿಯಲ್ಲಿದ್ದ ಟೈಟಾನಿಕ್ಕಿನ ನಿರ್ವಾಹಕ ಅವನನ್ನು ಗದರಿ ಸುಮ್ಮನಾಗಿಸಿದ. ಸುಮಾರು ಹನ್ನೊಂದೂವರೆಗೆ ಕ್ಯಾಲಿಫೋರ್ನಿಯನ್ ನಿರ್ವಾಹಕ ಯಂತ್ರ ನಿಲ್ಲಿಸಿ ಮಲಗಿದ. ಹತ್ತು ನಿಮಿಷಗಳ ಬಳಿಕ ಡಿಕ್ಕಿಯಾಯಿತು.

ಇನ್ನೊಂದು ವಿಚಿತ್ರ ನೋಡಿ. ಟೈಟಾನಿಕ್ ಮೊದಲ ಯಾನಕ್ಕೆ ಹೊರಡಬೇಕಾಗಿದ್ದದ್ದು 1912ರ ಮಾರ್ಚ್ 20ರಂದು. ಆದರೆ 1911ರ ಸೆಪ್ಟೆಂಬರ್ 20ರಂದು ಅದರ ಅಕ್ಕ ಹಡಗು ಒಲಿಂಪಿಕ್‌ಗೆ ಹಾಕ್ ಎಂಬ ಬ್ರಿಟಿಷ್ ಯುದ್ಧನೌಕೆ ಗುದ್ದಿತು. ಒಲಿಂಪಿಕ್ಕನ್ನು ದುರಸ್ತಿ ಮಾಡಲು ಟೈಟಾನಿಕ್ಕಿನ ಕೆಲಸಗಾರರನ್ನು ಕಳುಹಿಸಬೇಕಾಯಿತು. ಟೈಟಾನಿಕ್ ಹೊರಡುವ ದಿನ ಏಪ್ರಿಲ್ 10ಕ್ಕೆ ಮುಂದೆ ಹೋಯಿತು. ಆ ಡಿಕ್ಕಿ ಆಗದೆ ಇದ್ದಿದ್ದರೆ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಆ ಹಿಮಬಂಡೆಯ ದಾರಿಗೆ ಬರುತ್ತಿರಲಿಲ್ಲ!

ಉಳಿದ ಹಡಗುಗಳು ಕಲಿಸಿದ ತಪ್ಪು ಪಾಠ

ಈ ಎಲ್ಲ ಊಹೆಗಳ ನಡುವೆ ನಾವು ಮರೆಯುವ ಒಂದು ಅಂಶವಿದೆ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಅರಿಜೋನಾ ಗುದ್ದಿಯೂ ಉಳಿದಾಗ ಜನ ಕಲಿತದ್ದೇನು? ಮಂಜಿನ ಕಡಲಿನಲ್ಲಿ ನಿಧಾನವಾಗಿ ಹೋಗಬೇಕು ಎಂದಲ್ಲ. ಅಡ್ಡಗೋಡೆಗಳಿದ್ದರೆ ಹಡಗು ಮುಳುಗುವುದಿಲ್ಲ ಎಂದು. 1911ರಲ್ಲಿ ಯುದ್ಧನೌಕೆ ಗುದ್ದಿ ಎರಡು ಕೋಣೆ ತುಂಬಿದರೂ ಒಲಿಂಪಿಕ್ ತಾನೇ ಬಂದರಿಗೆ ಮರಳಿತು. ಆಗ ಅದರ ಕಪ್ತಾನನಾಗಿದ್ದವನು ಇದೇ ಎಡ್ವರ್ಡ್ ಸ್ಮಿತ್. ಹಡಗು ಎಷ್ಟು ಗಟ್ಟಿ ಎಂಬ ನಂಬಿಕೆ ಇನ್ನಷ್ಟು ಬಲಿಯಿತು. ಅದೃಷ್ಟದಿಂದ ಪಾರಾದದ್ದನ್ನು ಸಾಮರ್ಥ್ಯದಿಂದ ಪಾರಾದದ್ದೆಂದು ತಿಳಿದರು.

ಟೈಟಾನಿಕ್ಕಿನಲ್ಲಿದ್ದ ಜೀವರಕ್ಷಕ ದೋಣಿಗಳು 20. ಅವುಗಳಲ್ಲಿ ಹಿಡಿಯುವುದು 1,178 ಜನ. ಹಡಗಿನಲ್ಲಿದ್ದವರ ಅರ್ಧಕ್ಕೆ ಸಾಕಾಗುವಷ್ಟು. ಆಶ್ಚರ್ಯವೆಂದರೆ ಇದು ಕಾನೂನಿಗೆ ವಿರುದ್ಧವಾಗಿರಲಿಲ್ಲ. 10,000 ಟನ್‌ಗಿಂತ ದೊಡ್ಡ ಹಡಗುಗಳಿಗೆ 16 ದೋಣಿ ಸಾಕೆಂದು ಬ್ರಿಟನ್ನಿನ ಹಳೆಯ ನಿಯಮ ಹೇಳುತ್ತಿತ್ತು. ಟೈಟಾನಿಕ್ 46,000 ಟನ್ ದಾಟಿದ್ದರೂ ನಿಯಮ ಬೆಳೆದಿರಲಿಲ್ಲ. ಇದ್ದ ದೋಣಿಗಳೂ ತುಂಬಲಿಲ್ಲ. ಸ್ಪರ್ಶ ಅಷ್ಟು ಮೃದುವಾಗಿದ್ದರಿಂದ ಬಹಳ ಮಂದಿ ಅಪಾಯವನ್ನು ನಂಬಲೇ ಇಲ್ಲ. ಬೆಚ್ಚಗಿನ ಹಡಗು ಬಿಟ್ಟು ಕತ್ತಲ ಕಡಲಿಗೆ ಇಳಿಯಲು ಹಿಂಜರಿದರು. ಮೊದಲ ದೋಣಿ 65 ಜನರ ಜಾಗದಲ್ಲಿ 28 ಜನರೊಂದಿಗೆ ಹೊರಟಿತು. ಇನ್ನೊಂದು, 40 ಜನರ ದೋಣಿ, 12 ಜನರೊಂದಿಗೆ. ಹಡಗು ಜೋರಾಗಿ ಗುದ್ದಿದ್ದರೆ ಜನರನ್ನು ಎಬ್ಬಿಸಲು ಯಾರೂ ಬೇಕಿರಲಿಲ್ಲ!

ಈಗ ನಮ್ಮ ಮೊದಲ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ಟೈಟಾನಿಕ್ ನೇರವಾಗಿ ಗುದ್ದಿ, ಮುರಿದ ಮೂತಿಯೊಂದಿಗೆ ಬಂದರು ಸೇರಿದ್ದರೆ? ಎರಡು ದಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತಿತ್ತು. ಎಂಥ ಗಟ್ಟಿ ಹಡಗು ಎಂದು ಎಲ್ಲರೂ ಹೊಗಳುತ್ತಿದ್ದರು. ದೋಣಿಗಳ ಸಂಖ್ಯೆ ಹಾಗೆಯೇ ಉಳಿಯುತ್ತಿತ್ತು. ರಾತ್ರಿ ನಿಸ್ತಂತು ಯಂತ್ರದ ಮುಂದೆ ಯಾರೂ ಕೂರುತ್ತಿರಲಿಲ್ಲ. ದುರಂತ ಇನ್ನೊಂದು ಹಡಗಿಗಾಗಿ, ಇನ್ನೊಂದು ರಾತ್ರಿಗಾಗಿ ಕಾಯುತ್ತಿತ್ತು.

ನಿಜವಾಗಿ ನಡೆದ ದುರಂತ ಜಗತ್ತನ್ನು ಎಬ್ಬಿಸಿತು. 1914ರ ಜನವರಿ 20ರಂದು ಲಂಡನ್ನಿನಲ್ಲಿ ಸಮುದ್ರಯಾನದ ಸುರಕ್ಷತೆಗಾಗಿ ಮೊದಲ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿತ್ತು. ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗ, ಹಗಲೂ ರಾತ್ರಿ ನಿಸ್ತಂತು ಕಾವಲು, ಹಿಮಬಂಡೆಗಳನ್ನು ಹುಡುಕಿ ಎಚ್ಚರಿಸುವ ಗಸ್ತು ಎಲ್ಲವೂ ಆಗ ರೂಪುಗೊಂಡವು. ಆ ಗಸ್ತು ಇಂದಿಗೂ ನಡೆದಿದೆ, ಈಗ ವಿಮಾನ ಮತ್ತು ಉಪಗ್ರಹಗಳ ಸಹಾಯದಿಂದ. ಒಲಿಂಪಿಕ್ಕನ್ನು ಮತ್ತೆ ಕಾರ್ಖಾನೆಗೆ ಒಯ್ದು ಅಡ್ಡಗೋಡೆಗಳನ್ನು ಎತ್ತರಿಸಿ, ಒಳಗೆ ಇನ್ನೊಂದು ಉಕ್ಕಿನ ಪದರ ಕಟ್ಟಿದರು.

ಆದರೂ ಎಚ್ಚರ ತಪ್ಪಿದರೆ ವಿನ್ಯಾಸ ಒಂದೇ ಕಾಯಲಾರದು. ಟೈಟಾನಿಕ್ಕಿನ ತಂಗಿ ಹಡಗು ಬ್ರಿಟಾನಿಕ್ ಇನ್ನೂ ಎತ್ತರದ ಅಡ್ಡಗೋಡೆಗಳೊಂದಿಗೆ ತಯಾರಾಯಿತು. 1916ರ ನವೆಂಬರ್ 21ರಂದು ಗ್ರೀಸ್ ಬಳಿ ಸಿಡಿಗುಂಡು ತಾಗಿ ಅದು ಕೇವಲ 55 ನಿಮಿಷಗಳಲ್ಲಿ ಮುಳುಗಿತು. ಗಾಳಿಗೆಂದು ಕಿಟಕಿಗಳನ್ನು ತೆರೆದಿಟ್ಟದ್ದು ಅದಕ್ಕೆ ಒಂದು ಕಾರಣ. ಆದರೆ ದೋಣಿಗಳು ಸಾಕಷ್ಟಿದ್ದವು. ಸಾವಿರಕ್ಕೂ ಹೆಚ್ಚು ಜನರಲ್ಲಿ ಸತ್ತವರು 30. 1959ರ ಜನವರಿಯಲ್ಲಿ ಹಾನ್ಸ್ ಹೆಡ್‌ಟಾಫ್ಟ್ ಎಂಬ ಡೆನ್ಮಾರ್ಕಿನ ಹೊಸ ಹಡಗು, ಅದೂ ಮುಳುಗದ ಹಡಗೆಂದೇ ಹೆಸರಾದದ್ದು, ತನ್ನ ಮೊದಲ ಯಾನದಲ್ಲೇ ಗ್ರೀನ್‌ಲ್ಯಾಂಡ್ ಬಳಿ ಹಿಮಬಂಡೆಗೆ ತಾಗಿ 95 ಜನರೊಂದಿಗೆ ಕಣ್ಮರೆಯಾಯಿತು. ತಿಂಗಳುಗಳ ಬಳಿಕ ಐಸ್‌ಲ್ಯಾಂಡಿನ ದಡದಲ್ಲಿ ಅದರ ಒಂದು ತೇಲುಬಳೆ ಸಿಕ್ಕಿತು. ಅದಕ್ಕೆ ಎದುರಾಗಿ 2007ರ ನವೆಂಬರ್ 23ನ್ನು ನೋಡಿ. ಅಂಟಾರ್ಕ್ಟಿಕದ ಬಳಿ ಎಕ್ಸ್‌ಪ್ಲೋರರ್ ಎಂಬ ಪ್ರವಾಸಿ ಹಡಗು ಮಂಜುಗಡ್ಡೆ ತಾಗಿ ಮುಳುಗಿತು. ಅದರಲ್ಲಿದ್ದ 154 ಜನರೂ ದೋಣಿಗಳಲ್ಲಿ ಇಳಿದು, ಇತರ ಹಡಗುಗಳು ಬರುವವರೆಗೆ ಕಾದು, ಬದುಕಿ ಉಳಿದರು. ಹಡಗು ಹೋಯಿತು, ಒಂದು ಜೀವವೂ ಹೋಗಲಿಲ್ಲ.

ಹೀಗೆ ಒಂದೊಂದಾಗಿ ನೋಡಿದರೆ, ಟೈಟಾನಿಕ್ಕಿನ ಹಣೆಬರಹ ಬರೆದದ್ದು ಆ ಮೂವತ್ತೇಳು ಸೆಕೆಂಡುಗಳಲ್ಲ. ಅದಕ್ಕೂ ಮೊದಲು ತಿಂಗಳುಗಟ್ಟಲೆ, ವರ್ಷಗಟ್ಟಲೆ, ಆತುರವಿಲ್ಲದೆ, ಮೇಜಿನ ಮುಂದೆ ಕುಳಿತು ಮಾಡಿದ ತೀರ್ಮಾನಗಳು. ಗೋಡೆ ಎಷ್ಟು ಎತ್ತರ, ದೋಣಿ ಎಷ್ಟು, ಎಚ್ಚರಿಕೆ ಬಂದಾಗ ವೇಗ ಎಷ್ಟು. ಮರ್ಡಾಕ್ ಮುಂದೆ ಆ ರಾತ್ರಿ ಉಳಿದಿದ್ದದ್ದು ಎರಡು ಕೆಟ್ಟ ದಾರಿಗಳು ಮಾತ್ರ. ಒಳ್ಳೆಯ ದಾರಿಗಳನ್ನು ಬೇರೆಯವರು ಆಗಲೇ ಮುಚ್ಚಿಬಿಟ್ಟಿದ್ದರು.